ಹೊಗೆಯ ಬಿಲ್ ಯಾರ ಮೇಜಿಗೆ ಹೋಗುತ್ತದೆ?

ಯಾವುದೇ ದೊಡ್ಡ ಕಂಪನಿಯ ವಾರ್ಷಿಕ ವರದಿ ತೆಗೆದು ನೋಡಿ, ಪರಿಸರದ ಬಗ್ಗೆ ಒಂದು ಅಧ್ಯಾಯ ಇದ್ದೇ ಇರುತ್ತದೆ. ಇಷ್ಟು ಗಿಡ ನೆಟ್ಟೆವು, ಇಷ್ಟು ನೀರು ಉಳಿಸಿದೆವು, 2050ರ ಹೊತ್ತಿಗೆ ನಮ್ಮ ಇಂಗಾಲದ ಲೆಕ್ಕ ಸೊನ್ನೆಗೆ ತರುತ್ತೇವೆ ಅಂತೆಲ್ಲ. ಇದನ್ನು ಓದಿ ಕೆಲವರು ಪೂರ್ತಿ ನಂಬುತ್ತಾರೆ, ಕೆಲವರು ಎಲ್ಲ ಸುಮ್ನೆ ಪ್ರಚಾರ ಅಂತ ತಳ್ಳಿಹಾಕುತ್ತಾರೆ. ಎರಡೂ ಸರಿಯಲ್ಲ. ಗಾಳಿಗೂ ನೀರಿಗೂ ಬಿಡುತ್ತಿದ್ದ ವಿಷವನ್ನು ನಿಜವಾಗಿಯೂ ಇಳಿಸಿದ ಕಂಪನಿಗಳಿವೆ. ವರ್ಷಗಟ್ಟಲೆ ಸುಳ್ಳು ಲೆಕ್ಕ ತೋರಿಸಿದ ಕಂಪನಿಗಳೂ ಇವೆ. ಕೆಲವು ಕಡೆ ಒಳ್ಳೆಯದು ಮಾಡಿದ್ದೂ ಹಾಳು ಮಾಡಿದ್ದೂ ಒಂದೇ ಕಂಪನಿ.

ಹಾಗಾದರೆ ಕಂಪನಿಯನ್ನು ಸರಿದಾರಿಗೆ ತರೋದು ಏನು? ಲಾಭವಾ, ಕಾನೂನಾ, ಗ್ರಾಹಕರಾ, ಮಾಲೀಕರ ಮನಸ್ಸಾ? ಇವೆಲ್ಲವೂ ಒಂದೊಂದು ಕಡೆ ಕೆಲಸ ಮಾಡಿವೆ, ಇನ್ನೊಂದು ಕಡೆ ಸೋತಿವೆ. ಗೆದ್ದ ಕಡೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ನನಗೆ ಕಾಣೋದು ಇಷ್ಟು: ಹಾನಿಯನ್ನು ಹೊರಗಿನವರು ಅಳೆಯೋಕೆ ಆಗಬೇಕು, ಅದರ ಬಿಲ್, ತೀರ್ಮಾನ ಮಾಡುವವರ ಮೇಜಿಗೇ ಬರಬೇಕು, ಪೈಪೋಟಿಯಲ್ಲಿರುವ ಕಂಪನಿಗೂ ಅದೇ ಬಿಲ್ ಹೋಗಬೇಕು.

ಮೊದಲು ಎಲ್ಲರೂ ಹೇಳುವ ಲಾಭದ ಮಾತು ನೋಡೋಣ. 1975ರಲ್ಲಿ ಅಮೆರಿಕದ 3ಎಂ ಕಂಪನಿ 'ಮಾಲಿನ್ಯ ತಡೆದರೆ ಲಾಭ' ಎನ್ನುವ ಅರ್ಥದ ಹೆಸರಿಟ್ಟು ಒಂದು ಕಾರ್ಯಕ್ರಮ ಶುರು ಮಾಡಿತು. ಇದರ ಹಿಂದಿದ್ದವರು ಜೋಸೆಫ್ ಲಿಂಗ್ ಎಂಬ ಎಂಜಿನಿಯರ್. ಅವರ ವಾದ ಸರಳ. ಚಿಮಣಿಯಿಂದ, ಮೋರಿಯಿಂದ ಆಚೆ ಹೋಗುತ್ತಿರೋದು ನಾವೇ ದುಡ್ಡು ಕೊಟ್ಟು ತಂದ ಕಚ್ಚಾ ವಸ್ತು. ಅದನ್ನು ಹೊರಗೆ ಬಿಟ್ಟು ಆಮೇಲೆ ಶುದ್ಧ ಮಾಡೋಕೆ ಮತ್ತೆ ಖರ್ಚು ಮಾಡೋದಕ್ಕಿಂತ, ಅದು ಹುಟ್ಟದ ಹಾಗೆ ಉತ್ಪಾದನೆಯ ವಿಧಾನವನ್ನೇ ಬದಲಿಸಿ ಅನ್ನೋದು. ಸಲಹೆ ಕೊಡಲು ಕೆಳಹಂತದ ನೌಕರರಿಗೂ ಅವಕಾಶ ಇತ್ತು. ಒಂದೊಂದೇ ಸಣ್ಣ ಬದಲಾವಣೆ ಸೇರಿ ಮುಂದಿನ ದಶಕಗಳಲ್ಲಿ ನೂರಾರು ಕೋಟಿ ಡಾಲರ್ ಉಳಿತಾಯವಾಗಿದೆ ಅಂತ ಕಂಪನಿಯೇ ಹೇಳಿಕೊಂಡಿದೆ.

ಕೇಳೋಕೆ ಚೆನ್ನಾಗಿದೆ. ಆದರೆ ಉಳಿತಾಯ ಇದೆ ಅಂದ ಮಾತ್ರಕ್ಕೆ ಕೆಲಸ ಆಗಿಬಿಡಲ್ಲ, ಇದನ್ನು ಜನ ಮರೆಯುತ್ತಾರೆ. ಕಾರ್ಖಾನೆಗಳಲ್ಲಿ ಬಳಸುವ ಕಂಪ್ರೆಸರ್ ಗಾಳಿಯನ್ನೇ ತೆಗೆದುಕೊಳ್ಳಿ. ಯಂತ್ರಗಳನ್ನು ಓಡಿಸಲು ಒತ್ತಡದ ಗಾಳಿ ಪೈಪುಗಳಲ್ಲಿ ಇಡೀ ಶೆಡ್ ಸುತ್ತುತ್ತದೆ. ಕೀಲು ಸಡಿಲವಾದ ಕಡೆ, ಹಳೆಯ ಹೋಸ್ ಬಿರಿದ ಕಡೆ ಗಾಳಿ ಸೋರುತ್ತದೆ. ಯಂತ್ರಗಳು ನಿಂತ ಹೊತ್ತಲ್ಲಿ ನಡೆದುಕೊಂಡು ಹೋದರೆ ಆ ಸುಂಯ್ ಶಬ್ದ ಕಿವಿಗೇ ಕೇಳುತ್ತದೆ. ನಿಗಾ ಇಲ್ಲದ ಕಾರ್ಖಾನೆಗಳಲ್ಲಿ ಕಂಪ್ರೆಸರ್ ಕೊಡುವ ಗಾಳಿಯಲ್ಲಿ ಶೇ 20ರಿಂದ 30ರಷ್ಟು ಹೀಗೆ ಸೋರಿ ಹೋಗುವುದುಂಟು. ಅಷ್ಟು ಕರೆಂಟ್ ದಂಡ. ರಿಪೇರಿಗೆ ಬೇಕಾಗಿರೋದು ಒಂದಿಷ್ಟು ಸೀಲು, ಒಂದು ಸ್ಪ್ಯಾನರ್, ಅರ್ಧ ದಿನದ ಕೆಲಸ.

ಆದರೂ ಆಗಲ್ಲ. ಯಾಕೆ ಅಂದರೆ ಕರೆಂಟ್ ಬಿಲ್ ಹೋಗೋದು ಲೆಕ್ಕಪತ್ರ ವಿಭಾಗಕ್ಕೆ, ಅದೂ ಇಡೀ ಕಾರ್ಖಾನೆಗೆ ಸೇರಿ ಒಂದೇ ಮೊತ್ತ. ಸೋರಿಕೆ ಎಲ್ಲಿದೆ ಅಂತ ಗೊತ್ತಿರೋದು ಮೆಂಟೆನೆನ್ಸ್‌ನವರಿಗೆ. ಅವರ ಬಜೆಟ್‌ನಿಂದ ಖರ್ಚು ಮಾಡಿದರೆ ಉಳಿತಾಯ ಕಾಣಿಸೋದು ಬೇರೆಯವರ ಖಾತೆಯಲ್ಲಿ. ಪ್ರೊಡಕ್ಷನ್ ಮ್ಯಾನೇಜರನ್ನು ಕೇಳಿದರೆ ಲೈನ್ ನಿಲ್ಲಿಸೋಕೆ ಆಗಲ್ಲ ಅಂತಾರೆ, ಯಾಕೆಂದರೆ ಅವರನ್ನು ಅಳೆಯೋದು ದಿನಕ್ಕೆ ಎಷ್ಟು ಮಾಲು ಹೊರಬಿತ್ತು ಅನ್ನೋದರಿಂದ. ಇಲ್ಲಿ ಯಾರೂ ಕೆಟ್ಟವರಲ್ಲ. ಒಬ್ಬೊಬ್ಬರೂ ತಮ್ಮ ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದ್ದಾರೆ. ವಿಭಾಗಕ್ಕೊಂದು ಕರೆಂಟ್ ಮೀಟರ್ ಹಾಕಿ, ಆ ಬಿಲ್ಲನ್ನು ಆ ವಿಭಾಗದ ಮುಖ್ಯಸ್ಥರ ಹೆಸರಿಗೇ ಬರೆದಾಗ ಸೋರಿಕೆಯನ್ನು ಹುಡುಕಿಕೊಂಡು ಹೋಗಲು ಅವರಿಗೊಂದು ಕಾರಣ ಸಿಗುತ್ತದೆ.

ಇದೇ ಕಥೆಯ ದೊಡ್ಡ ರೂಪ ತೈಲ ಮತ್ತು ಅನಿಲ ಉದ್ಯಮದಲ್ಲಿದೆ. ಅಲ್ಲಿ ಸೋರುವ ಮೀಥೇನ್ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಎಷ್ಟೋ ಪಟ್ಟು ಜೋರು. ಅದೇ ಮೀಥೇನ್ ಅವರು ಮಾರುವ ಸರಕು ಕೂಡ. ಈ ಸೋರಿಕೆಯ ದೊಡ್ಡ ಪಾಲನ್ನು ಒಟ್ಟಾರೆ ನಷ್ಟವಿಲ್ಲದೆ ನಿಲ್ಲಿಸಬಹುದು ಅಂತ ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಹಲವು ವರ್ಷಗಳಿಂದ ಹೇಳುತ್ತಲೇ ಇದೆ. ಆದರೂ ಸೋರುತ್ತಿದೆ. ಸೋರಿಕೆ ತಡೆಯಲು ಹಾಕುವ ಹಣವನ್ನೇ ಹೊಸ ಬಾವಿಗೆ ಹಾಕಿದರೆ ಇನ್ನೂ ಜಾಸ್ತಿ ಬರುತ್ತದೆ ಎನ್ನುವ ಲೆಕ್ಕ ಅವರದು. ಲಾಭ ಇದ್ದರೆ ಸಾಲದು, ಬೇರೆ ಎಲ್ಲ ಲಾಭಗಳಿಗಿಂತ ಅದು ಜಾಸ್ತಿ ಇರಬೇಕು. ಆ ಜಾಗದಲ್ಲಿ ಪರಿಸರ ಬಹಳ ಸಲ ಸೋಲುತ್ತದೆ.

ಲಾಭದ ದಾರಿಗೆ ಇನ್ನೊಂದು ಮಿತಿಯಿದೆ, ಅದನ್ನು ತೋರಿಸೋದೂ 3ಎಂ ಕಂಪನಿಯೇ. ತ್ಯಾಜ್ಯ ಅಂದರೆ ನಷ್ಟ ಎನ್ನುವ ಸೂತ್ರ ಹೊಂದೋದು ಮಾಲಿನ್ಯವು ತ್ಯಾಜ್ಯವಾಗಿದ್ದಾಗ ಮಾತ್ರ. ಮಾರುವ ವಸ್ತುವೇ ವಿಷವಾಗಿದ್ದರೆ? ಪಿಎಫ್ಎಎಸ್ ಎಂಬ ಗುಂಪಿನ ರಾಸಾಯನಿಕಗಳು ಎಣ್ಣೆ, ನೀರು, ಕಲೆ ಯಾವುದನ್ನೂ ಅಂಟಿಸಿಕೊಳ್ಳುವುದಿಲ್ಲ. ಬಹಳ ಉಪಯುಕ್ತ, ಬಹಳ ಲಾಭದ ಸರಕು. ಆದರೆ ಅವು ಮಣ್ಣಲ್ಲಿ, ನೀರಲ್ಲಿ, ನಮ್ಮ ರಕ್ತದಲ್ಲಿ ಉಳಿದುಬಿಡುತ್ತವೆ. ಮಾಲಿನ್ಯ ತಡೆಯುವ ಕಾರ್ಯಕ್ರಮಕ್ಕೆ ಹೆಸರಾಗಿದ್ದ ಅದೇ ಕಂಪನಿ ಇವನ್ನು ದಶಕಗಳ ಕಾಲ ತಯಾರಿಸಿತು. ಆ ಗುಂಪಿನ ಒಂದು ಮುಖ್ಯ ರಾಸಾಯನಿಕವನ್ನು ಕೈಬಿಡುವುದಾಗಿ 2000ದಲ್ಲಿ ಹೇಳಿತು. ಎಲ್ಲವನ್ನೂ 2025ರ ಕೊನೆಗೆ ನಿಲ್ಲಿಸುತ್ತೇವೆ ಎಂಬ ಪ್ರಕಟಣೆ ಬಂದಿದ್ದು 2022ರ ಡಿಸೆಂಬರ್‌ನಲ್ಲಿ. ಅಷ್ಟು ಹೊತ್ತಿಗೆ ಸಾವಿರಾರು ಮೊಕದ್ದಮೆಗಳು ಬಿದ್ದಿದ್ದವು, ಕಾನೂನುಗಳು ಬಿಗಿಯಾಗುತ್ತಿದ್ದವು. ಮುಂದಿನ ವರ್ಷವೇ ಅಮೆರಿಕದ ಕುಡಿಯುವ ನೀರಿನ ಸಂಸ್ಥೆಗಳಿಗೆ ಸಾವಿರ ಕೋಟಿ ಡಾಲರ್‌ಗೂ ಜಾಸ್ತಿ ಕೊಡಲು ಅದು ಒಪ್ಪಿಕೊಂಡಿತು. ಬಿಲ್ ಬಂತು ನಿಜ. ಬರುವಷ್ಟರಲ್ಲಿ ಅರ್ಧ ಶತಮಾನ ಕಳೆದಿತ್ತು.

ಈಗ ಪೈಪೋಟಿಯ ವಿಷಯ. ಇದಕ್ಕೆ ಓಜೋನ್ ಪದರದ ಕಥೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಫ್ರಿಜ್‌ಗಳಲ್ಲಿ, ಸ್ಪ್ರೇ ಡಬ್ಬಿಗಳಲ್ಲಿ ಬಳಸುತ್ತಿದ್ದ ಸಿಎಫ್‌ಸಿ ಅನಿಲ ಓಜೋನನ್ನು ಹಾಳು ಮಾಡುತ್ತದೆ ಅಂತ ಮಾರಿಯೋ ಮೊಲಿನಾ ಮತ್ತು ಶೆರ್ವುಡ್ ರೋಲ್ಯಾಂಡ್ 1974ರಲ್ಲಿ ಹೇಳಿದರು. ಜಗತ್ತಿನಲ್ಲಿ ಅತಿ ಹೆಚ್ಚು ಸಿಎಫ್‌ಸಿ ತಯಾರಿಸುತ್ತಿದ್ದ ಡ್ಯುಪಾಂಟ್ ಕಂಪನಿ, ಪುರಾವೆ ಸಾಲದು ಅಂತ ವರ್ಷಗಟ್ಟಲೆ ವಾದ ಮಾಡಿತು. ಬದಲಿ ರಾಸಾಯನಿಕ ಹುಡುಕುವ ಕೆಲಸವನ್ನು 1980ರ ಸುಮಾರಿಗೆ ಹೆಚ್ಚುಕಡಿಮೆ ಕೈಬಿಟ್ಟೇಬಿಟ್ಟಿತ್ತು. ಅದರಲ್ಲಿ ವ್ಯಾಪಾರದ ತರ್ಕವೂ ಇತ್ತು ಅಲ್ವಾ? ಬದಲಿ ಅನಿಲ ದುಬಾರಿ. ಪಕ್ಕದವರು ಅಗ್ಗದ ಸಿಎಫ್‌ಸಿ ಮಾರುತ್ತಿರುವಾಗ ಅದನ್ನು ಕೊಳ್ಳುವವರು ಯಾರು?

1985ರಲ್ಲಿ ಅಂಟಾರ್ಕ್ಟಿಕಾದ ಮೇಲೆ ಓಜೋನ್ ತೆಳುವಾಗಿರೋದು ಪ್ರಕಟವಾಯಿತು. 1986ರಲ್ಲಿ ಡ್ಯುಪಾಂಟ್ ವರಸೆ ಬದಲಿಸಿತು. ಅಂತರರಾಷ್ಟ್ರೀಯ ಮಿತಿ ಬರಲಿ, ನಾವು ಬೆಂಬಲಿಸುತ್ತೇವೆ ಅಂದಿತು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿತ್ತು, 1988ರ ಮಾರ್ಚ್‌ನಲ್ಲಿ ಸಿಎಫ್‌ಸಿ ತಯಾರಿಕೆಯನ್ನು ಪೂರ್ತಿ ನಿಲ್ಲಿಸುವುದಾಗಿ ಕಂಪನಿ ಘೋಷಿಸಿತು. ವಿಜ್ಞಾನ ಗಟ್ಟಿಯಾಗಿದ್ದು ನಿಜ. ಅದರ ಜೊತೆಗೆ, ಹೇಗೂ ಕಾನೂನು ಬರುತ್ತದೆ ಅನ್ನೋದು ಖಚಿತವಾದ ಮೇಲೆ ಇಡೀ ಲೆಕ್ಕ ತಲೆಕೆಳಗಾಯಿತು. ಹಳೆಯ ಅನಿಲದಲ್ಲಿ ಲಾಭದ ಅಂಚು ಕಡಿಮೆ, ಅದನ್ನು ಯಾರು ಬೇಕಾದರೂ ತಯಾರಿಸಬಹುದಿತ್ತು. ಹೊಸದನ್ನು ಕಂಡುಹಿಡಿಯುವ ಪ್ರಯೋಗಾಲಯ, ಹಣ, ಪೇಟೆಂಟ್ ಇದ್ದಿದ್ದು ದೊಡ್ಡ ಕಂಪನಿಗಳ ಬಳಿ. ಎಲ್ಲರಿಗೂ ಒಂದೇ ನಿಯಮ ಅಂತಾದರೆ ಮುಂದೆ ಇರೋದು ತಾವೇ ಅಂತ ಅವಕ್ಕೆ ಗೊತ್ತಾಯಿತು.

ಅದಕ್ಕೇ, ಒಂದು ಉದ್ಯಮ ಕಾನೂನಿಗೆ ವಿರೋಧ ಮಾಡುತ್ತಿದೆ ಅಂದಾಗ ಅದರೊಳಗಿನ ಎಲ್ಲ ಕಂಪನಿಗಳಿಗೂ ಒಂದೇ ಹಿತ ಇರುತ್ತದೆ ಅಂತ ತಿಳಿಯಬಾರದು. ತಾಂತ್ರಿಕವಾಗಿ ಮುಂದಿರುವವರಿಗೆ ಕಠಿಣ ನಿಯಮ ಲಾಭ. ಹಿಂದಿರುವವರಿಗೆ ಅದೇ ಸಾವು. ಒಕ್ಕೂಟದ ಹೆಸರಲ್ಲಿ ಜೋರಾಗಿ ಕೂಗುವವರು ಸಾಮಾನ್ಯವಾಗಿ ಹಿಂದಿರುವವರೇ.

ಆದರೆ ನಿಯಮ ಇದ್ದು ಅಳತೆ ಇಲ್ಲದಿದ್ದರೆ ಏನಾಗುತ್ತದೆ? ಗುಜರಾತ್‌ನಲ್ಲಿ 2009ರಿಂದ 2011ರವರೆಗೆ ಎಸ್ತರ್ ಡಫ್ಲೋ, ಮೈಕೇಲ್ ಗ್ರೀನ್‌ಸ್ಟೋನ್, ರೋಹಿಣಿ ಪಾಂಡೆ, ನಿಕೋಲಸ್ ರಯಾನ್ ಎಂಬ ಅರ್ಥಶಾಸ್ತ್ರಜ್ಞರು ಅಲ್ಲಿನ ಮಾಲಿನ್ಯ ನಿಯಂತ್ರಣ ಮಂಡಳಿಯ ಜೊತೆ ಸೇರಿ ಒಂದು ಪ್ರಯೋಗ ಮಾಡಿದರು. ಕಾರ್ಖಾನೆಗಳು ಹೊರಗಿನ ಆಡಿಟರ್‌ಗಳಿಂದ ಮಾಲಿನ್ಯ ಅಳೆಸಬೇಕು ಅಂತ ನಿಯಮ ಮೊದಲೇ ಇತ್ತು. ಆದರೆ ಆಡಿಟರನ್ನು ಆರಿಸೋದೂ ಕಾರ್ಖಾನೆಯೇ, ಸಂಬಳ ಕೊಡೋದೂ ಕಾರ್ಖಾನೆಯೇ. ಹೊಗೆಯಲ್ಲಿನ ದೂಳಿನ ಕಣ ಮಿತಿ ಮೀರಿದೆ ಅಂತ ಈ ಆಡಿಟರ್‌ಗಳು ಬರೆದಿದ್ದು ಶೇ 7ರಷ್ಟು ಕಾರ್ಖಾನೆಗಳ ಬಗ್ಗೆ ಮಾತ್ರ. ಸಂಶೋಧಕರು ಬೇರೆಯವರಿಂದ ಮತ್ತೆ ಅಳೆಸಿದಾಗ ಮಿತಿ ಮೀರಿದ್ದು ಶೇ 59!

ಪ್ರಯೋಗದಲ್ಲಿ ಮಾಡಿದ್ದು ದೊಡ್ಡ ಕ್ರಾಂತಿಯೇನಲ್ಲ. ಯಾವ ಆಡಿಟರ್ ಯಾವ ಕಾರ್ಖಾನೆಗೆ ಅನ್ನೋದನ್ನು ಚೀಟಿ ಎತ್ತಿದ ಹಾಗೆ ಹಂಚಿದರು. ಸಂಬಳವನ್ನು ಒಂದು ಸಾಮಾನ್ಯ ನಿಧಿಯಿಂದ ಕೊಟ್ಟರು. ಅಳತೆ ಸರಿಯಿದೆಯಾ ಅಂತ ಆಗಾಗ ಇನ್ನೊಬ್ಬರಿಂದ ಪರೀಕ್ಷೆ ಮಾಡಿಸಿದರು. ಸುಳ್ಳು ವರದಿಗಳು ಭಾರಿ ಇಳಿದವು, ಆ ಕಾರ್ಖಾನೆಗಳ ಮಾಲಿನ್ಯವೂ ಇಳಿಯಿತು. ಮಿತಿಯನ್ನು ಒಂದಿಷ್ಟೂ ಬಿಗಿ ಮಾಡಿರಲಿಲ್ಲ. ಈ ಫಲಿತಾಂಶವನ್ನು ಪರಿಸರದ ನಿಯಮ ಬರೆಯುವ ಪ್ರತಿಯೊಬ್ಬ ಅಧಿಕಾರಿಯೂ ಓದಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ. ಹೊಸ ಕಾನೂನಿಗೆ ಸುರಿಯುವ ಶ್ರಮದಲ್ಲಿ ಸ್ವಲ್ಪವನ್ನು, ಅಳೆಯುವವರಿಗೆ ಸಂಬಳ ಕೊಡೋದು ಯಾರು ಎಂಬ ಪ್ರಶ್ನೆಗೆ ಕೊಟ್ಟರೆ ಎಷ್ಟೋ ಕೆಲಸ ಆಗುತ್ತದೆ.

ಶ್ರೀಮಂತ ದೇಶಗಳಲ್ಲಿ ಹೀಗಾಗಲ್ಲ ಅಂದುಕೊಳ್ಳಬೇಡಿ. ಫೋಕ್ಸ್‌ವ್ಯಾಗನ್ ತನ್ನ ಡೀಸೆಲ್ ಕಾರುಗಳಲ್ಲಿ, ಪರೀಕ್ಷೆ ನಡೆಯುತ್ತಿದೆ ಅಂತ ಗುರುತಿಸಿ ಆಗ ಮಾತ್ರ ಹೊಗೆ ಕಡಿಮೆ ಬಿಡುವ ಸಾಫ್ಟ್‌ವೇರ್ ಹಾಕಿತ್ತು. 2015ರಲ್ಲಿ ಬಯಲಾದಾಗ ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಕಾರುಗಳಲ್ಲಿ ಅದು ಇತ್ತು. ಅದನ್ನು ಹಿಡಿಯಲು ದಾರಿ ಮಾಡಿಕೊಟ್ಟಿದ್ದು ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಒಂದು ಸಣ್ಣ ತಂಡ. ಅವರು ಅಳೆಯುವ ಯಂತ್ರವನ್ನು ಕಾರಿಗೇ ಕಟ್ಟಿಕೊಂಡು ರಸ್ತೆಯಲ್ಲಿ ಓಡಿಸಿ ನೋಡಿದರು. ಪ್ರಯೋಗಾಲಯದ ಅಂಕಿಗೂ ರಸ್ತೆಯ ಅಂಕಿಗೂ ತಾಳೆಯೇ ಆಗಲಿಲ್ಲ.

ಅಳತೆ ಸರಿಯಾಗಿ ಇದ್ದಾಗ ಏನೆಲ್ಲ ಸಾಧ್ಯ ಅನ್ನೋದಕ್ಕೆ ಸ್ವೀಡನ್ ನೋಡಿ. ದೊಡ್ಡ ಬಾಯ್ಲರ್‌ಗಳಿಂದ ಬರುವ ನೈಟ್ರೋಜನ್ ಆಕ್ಸೈಡ್ ಎಂಬ ಮಾಲಿನ್ಯದ ಅನಿಲಕ್ಕೆ 1992ರಿಂದ ಕಿಲೋಗೆ 40 ಕ್ರೋನರ್ ಶುಲ್ಕ ಹಾಕಿದರು. ಹೀಗೆ ಬಂದ ಹಣವನ್ನು ಸರ್ಕಾರ ಇಟ್ಟುಕೊಳ್ಳಲಿಲ್ಲ, ಆಡಳಿತದ ಸಣ್ಣ ಖರ್ಚು ಬಿಟ್ಟು ಪೂರ್ತಿ ಅದೇ ಸ್ಥಾವರಗಳಿಗೆ ಹಂಚಿತು. ಹಂಚಿದ್ದು ಯಾರು ಎಷ್ಟು ಶಕ್ತಿ ಉತ್ಪಾದಿಸಿದರು ಎಂಬ ಲೆಕ್ಕದಲ್ಲಿ. ಅಂದರೆ ಒಂದೇ ಪ್ರಮಾಣದ ಶಾಖಕ್ಕೆ ಕಡಿಮೆ ಹೊಗೆ ಬಿಟ್ಟವರು ಕಟ್ಟಿದ್ದಕ್ಕಿಂತ ಜಾಸ್ತಿ ವಾಪಸ್ ಪಡೆಯುತ್ತಾರೆ, ಗಲೀಜು ಮಾಡಿದವರು ಕಳೆದುಕೊಳ್ಳುತ್ತಾರೆ. ಉದ್ಯಮದ ಒಟ್ಟು ಹಣ ಉದ್ಯಮದಲ್ಲೇ ಉಳಿಯಿತು, ಹಾಗಾಗಿ ವಿರೋಧವೂ ಕಡಿಮೆ.

ಶುಲ್ಕ ಹಾಕಬೇಕಾದರೆ ಪ್ರತಿ ಸ್ಥಾವರದಲ್ಲೂ ನಿರಂತರವಾಗಿ ಅಳೆಯುವ ಮೀಟರ್ ಬೇಕಾಯಿತು. ಅಲ್ಲಿ ಒಂದು ಹೊಸ ವಿಷಯ ಹೊರಬಿತ್ತು. ಈ ಅನಿಲ ಎಷ್ಟು ಹುಟ್ಟುತ್ತದೆ ಅನ್ನೋದು ಬೆಂಕಿಯ ಶಾಖ ಮತ್ತು ಅದಕ್ಕೆ ಸಿಗುವ ಗಾಳಿಯ ಮೇಲೆ ನಿಂತಿದೆ. ಬಾಯ್ಲರ್ ನಡೆಸುವ ಕೆಲಸಗಾರರು ಕಣ್ಣೆದುರೇ ಮೀಟರ್ ಇದ್ದಿದ್ದರಿಂದ ಗಾಳಿ ಸ್ವಲ್ಪ ತಗ್ಗಿಸಿ, ಇಂಧನ ಸ್ವಲ್ಪ ಹೊಂದಿಸಿ, ಯಾವಾಗ ಅಂಕಿ ಇಳಿಯುತ್ತದೆ ಅಂತ ತಾವೇ ಕಲಿತರು. ಹೊಸ ಯಂತ್ರ ಹಾಕದೆಯೂ ಕೆಲವು ಕಡೆ ಹೊಗೆ ಇಳಿಯಿತು. ಕೆಲವೇ ವರ್ಷಗಳಲ್ಲಿ ಒಂದು ಘಟಕ ಶಕ್ತಿಗೆ ಹೊರಬರುವ ನೈಟ್ರೋಜನ್ ಆಕ್ಸೈಡ್ ಸುಮಾರು ಶೇ 40ರಷ್ಟು ಕಡಿಮೆಯಾಯಿತು. ಮೇಲಿನವರ ಮೇಜಿಗೆ ಬಿಲ್, ಕೆಳಗಿನವರ ಕಣ್ಣೆದುರು ಅಂಕಿ. ಎರಡೂ ಒಟ್ಟಿಗೆ ಇದ್ದಿದ್ದೇ ಇಲ್ಲಿನ ವಿಶೇಷ.

ಶುಲ್ಕವೇ ಇಲ್ಲದೆ, ಬರೀ ಅಂಕಿ ಹೊರಗೆ ಬಂದರೂ ಕೆಲಸ ನಡೆದದ್ದುಂಟು. 1984ರ ಭೋಪಾಲ್ ದುರಂತದ ನಂತರ ಅಮೆರಿಕ 1986ರಲ್ಲಿ ಒಂದು ಕಾನೂನು ತಂದಿತು. ಯಾವ ಕಾರ್ಖಾನೆ ಯಾವ ವಿಷವನ್ನು ಎಷ್ಟು ಹೊರಗೆ ಬಿಡುತ್ತಿದೆ ಅಂತ ವರ್ಷ ವರ್ಷ ಸಾರ್ವಜನಿಕರಿಗೆ ಹೇಳಬೇಕು, ಅಷ್ಟೆ. ಬಿಡಬೇಡಿ ಅಂತ ಅದು ಹೇಳಲಿಲ್ಲ. ಮೊದಲ ಅಂಕಿಗಳು ಹೊರಬೀಳುವ ಹೊತ್ತಿಗೆ, 1988ರಲ್ಲಿ, ಮಾನ್ಸಾಂಟೊ ಕಂಪನಿಯ ಮುಖ್ಯಸ್ಥ ರಿಚರ್ಡ್ ಮಹೋನಿ ಗಾಳಿಗೆ ಬಿಡುವ ವಿಷವನ್ನು 1992ರ ಕೊನೆಗೆ ಶೇ 90ರಷ್ಟು ಇಳಿಸುತ್ತೇವೆ ಅಂತ ಘೋಷಿಸಿದರು. ಊರಿನ ಪತ್ರಿಕೆಯಲ್ಲಿ ಕಾರ್ಖಾನೆಯ ಹೆಸರಿನ ಮುಂದೆ ಟನ್‌ಗಟ್ಟಲೆ ಅಂಕಿ ಬಂದರೆ ಅಲ್ಲಿನ ಜನ, ಷೇರುದಾರರು, ಸ್ವಂತ ನೌಕರರು ಎಲ್ಲರೂ ಪ್ರಶ್ನೆ ಕೇಳುತ್ತಾರೆ. ಎಷ್ಟೋ ಕಂಪನಿಗಳ ಮುಖ್ಯಸ್ಥರೇ ತಮ್ಮ ಒಟ್ಟು ಅಂಕಿಯನ್ನು ನೋಡಿದ್ದು ಆಗಲೇ ಮೊದಲು.

ಗ್ರಾಹಕರ ಶಕ್ತಿಯ ಬಗ್ಗೆ ನನಗೆ ಅಷ್ಟು ಭರವಸೆ ಇಲ್ಲ, ಆದರೂ ಪೂರ್ತಿ ತಳ್ಳಿಹಾಕಲಾರೆ. 2010ರ ಮಾರ್ಚ್‌ನಲ್ಲಿ ಗ್ರೀನ್‌ಪೀಸ್ ಸಂಘಟನೆ ಒಂದು ವಿಡಿಯೊ ಬಿಟ್ಟಿತು. ಕಚೇರಿಯಲ್ಲಿ ಕೂತವನೊಬ್ಬ ಕಿಟ್‌ಕ್ಯಾಟ್ ಪೊಟ್ಟಣ ಬಿಚ್ಚಿದರೆ ಒಳಗೆ ಒರಾಂಗುಟಾನ್ ಎಂಬ ಕಾಡಿನ ವಾನರದ ಬೆರಳು. ತಾಳೆ ಎಣ್ಣೆಗಾಗಿ ಇಂಡೊನೇಷ್ಯಾದ ಕಾಡು ಕಡಿಯುತ್ತಿರುವುದರ ಬಗ್ಗೆ ಅದು. ಕಿಟ್‌ಕ್ಯಾಟ್ ತಯಾರಿಸುವ ನೆಸ್ಲೆ ಮೊದಲು ಆ ವಿಡಿಯೊವನ್ನೇ ತೆಗೆಸಲು ಹೋಗಿ ಇನ್ನಷ್ಟು ಜನರ ಕಣ್ಣಿಗೆ ಬೀಳಿಸಿತು. ಮೇ ತಿಂಗಳಲ್ಲಿ, ಕಾಡು ಕಡಿದು ಬರುವ ಎಣ್ಣೆ ಕೊಳ್ಳುವುದಿಲ್ಲ ಅಂತ ನೀತಿ ಪ್ರಕಟಿಸಿತು. ಎರಡೇ ತಿಂಗಳು. ಆದರೆ ಇದು ನಡೆಯೋದು ಅಂಗಡಿಯಲ್ಲಿ ಹೆಸರು ಹಿಡಿದು ಕೇಳುವ ವಸ್ತುವಿಗೆ. ಜಗತ್ತಿನ ಇಂಗಾಲದ ಡೈಆಕ್ಸೈಡ್‌ನಲ್ಲಿ ಉಕ್ಕು ಮತ್ತು ಸಿಮೆಂಟ್‌ನ ಪಾಲು ಒಂದೊಂದೂ ಶೇ 7ರ ಆಸುಪಾಸು. ನಾವು ನಡೆಯುವ ಸೇತುವೆಯ ಉಕ್ಕು ಯಾವ ಕುಲುಮೆಯದು ಅಂತ ನಮಗೆ ಗೊತ್ತಾ? ಗೊತ್ತಿಲ್ಲದಿದ್ದನ್ನು ಬಹಿಷ್ಕರಿಸೋದು ಹೇಗೆ?

ಅಂಥ ಸರಕುಗಳಿಗೆ ಸರ್ಕಾರಗಳೇ ಬಿಲ್ ಹಾಕಬೇಕು. ಯುರೋಪಿನ ಒಕ್ಕೂಟ ಗಡಿಯಲ್ಲಿ ಇಂಗಾಲದ ಸುಂಕ ತಂದಿರೋದು ಇದಕ್ಕೇ. ಉಕ್ಕು, ಸಿಮೆಂಟ್, ಅಲ್ಯೂಮಿನಿಯಂ, ಗೊಬ್ಬರ ಮುಂತಾದವನ್ನು ಹೊರಗಿನಿಂದ ತರಿಸುವವರು 2023ರ ಅಕ್ಟೋಬರ್‌ನಿಂದ ಅದರ ಇಂಗಾಲದ ಲೆಕ್ಕ ಕೊಡಬೇಕಾಯಿತು, 2026ರ ಆಮದಿನಿಂದ ಅದಕ್ಕೆ ಬೆಲೆಯೂ ಬಿತ್ತು. ತಯಾರಾದ ದೇಶದಲ್ಲೇ ಇಂಗಾಲಕ್ಕೆ ಹಣ ಕಟ್ಟಿದ್ದರೆ ಅಷ್ಟನ್ನು ಕಳೆಯುತ್ತಾರೆ. ಬಡ ದೇಶಗಳ ಉದ್ಯಮಕ್ಕೆ ಇದು ಅನ್ಯಾಯ ಎಂಬ ದೂರಿನಲ್ಲಿ ಹುರುಳಿದೆ, ಇಷ್ಟು ವರ್ಷ ಹೊಗೆ ತುಂಬಿದವರು ಯಾರು ಅಂತ ಎಲ್ಲರಿಗೂ ಗೊತ್ತು. ಆದರೆ ಪೈಪೋಟಿಯ ನೆಪ ಹೇಳುವ ದಾರಿಯನ್ನು ಇದು ಮುಚ್ಚುತ್ತಿದೆ ಅನ್ನೋದೂ ನಿಜ.

ಬಿಲ್ ಇಲ್ಲದ ಭರವಸೆಗಳ ಗತಿ ಏನಾಗುತ್ತದೆ ಅನ್ನೋದಕ್ಕೆ ಬ್ರಿಟನ್ನಿನ ತೈಲ ಕಂಪನಿ ಬಿಪಿ ಇದೆ. 2030ರ ಹೊತ್ತಿಗೆ ತೈಲ ಮತ್ತು ಅನಿಲ ಉತ್ಪಾದನೆಯನ್ನು ಶೇ 40ರಷ್ಟು ಇಳಿಸುತ್ತೇವೆ ಅಂತ 2020ರಲ್ಲಿ ಹೇಳಿತ್ತು. ಉಕ್ರೇನ್ ಯುದ್ಧದಿಂದ ತೈಲದ ಬೆಲೆ ಏರಿದ ಮೇಲೆ, 2023ರಲ್ಲಿ ಆ ಗುರಿ ಶೇ 25ಕ್ಕೆ ಇಳಿಯಿತು. 2025ರಲ್ಲಿ ತೈಲ, ಅನಿಲಕ್ಕೇ ಹೂಡಿಕೆ ಜಾಸ್ತಿ ಮಾಡುತ್ತೇವೆ ಅಂದಿತು. ಇದರಲ್ಲಿ ಒಳಗಿನ ಕೆಲವರು ಮನಸಾರೆ ಶ್ರಮಿಸಿದ್ದಾರೆ ಅನ್ನೋದರಲ್ಲಿ ನನಗೆ ಸಂಶಯವಿಲ್ಲ. ಅವರ ಬೆನ್ನಿಗೆ ಯಾವ ನಿಯಮವೂ ಇರಲಿಲ್ಲ.

ಕೊನೆಗೆ ಇನ್ನೊಂದು ತೊಡಕು. ಷೇರುದಾರರು ಒತ್ತಡ ಹಾಕಿದರೆ ಕಂಪನಿ ತನ್ನ ಗಲೀಜು ಗಣಿಯನ್ನು ಬೇರೆ ಮಾಡಿ ಕೈತೊಳೆದುಕೊಳ್ಳಬಹುದು. ಆಂಗ್ಲೊ ಅಮೆರಿಕನ್ ಕಂಪನಿ 2021ರಲ್ಲಿ ದಕ್ಷಿಣ ಆಫ್ರಿಕಾದ ತನ್ನ ಕಲ್ಲಿದ್ದಲು ಗಣಿಗಳನ್ನು ತುಂಗೆಲಾ ಎಂಬ ಪ್ರತ್ಯೇಕ ಕಂಪನಿಯಾಗಿ ಬೇರ್ಪಡಿಸಿತು. ತಾಯಿ ಕಂಪನಿಯ ಲೆಕ್ಕ ಹಗುರವಾಯಿತು, ಗಣಿಗಳಲ್ಲಿ ಕಲ್ಲಿದ್ದಲು ತೆಗೆಯೋದು ಮುಂದುವರಿಯಿತು. ಹೀಗೆ ಬೇರ್ಪಡಿಸಿದಾಗ ಇಲ್ಲವೇ ಮಾರಿದಾಗ ಹೋಲಿಕೆಗೆ ಇಟ್ಟುಕೊಂಡ ಹಳೆಯ ವರ್ಷದ ಅಂಕಿಯಿಂದಲೂ ಆ ಗಣಿಯ ಪಾಲನ್ನು ತೆಗೆಯಬೇಕು, ಇಲ್ಲದಿದ್ದರೆ ಮಾರಾಟವೇ ಸಾಧನೆಯ ಹಾಗೆ ಕಾಣುತ್ತದೆ. ಹೆಚ್ಚಿನ ಕಂಪನಿಗಳು ಅನುಸರಿಸುವ ಜಿಎಚ್‌ಜಿ ಪ್ರೋಟೊಕಾಲ್ ಎಂಬ ಲೆಕ್ಕದ ಪದ್ಧತಿಯಲ್ಲೇ ಈ ನಿಯಮ ಇದೆ. ಹಾಗಾಗಿ ಮುಂದಿನ ಸಲ ಯಾವುದಾದರೂ ವರದಿಯಲ್ಲಿ ಇಂಗಾಲ ಇಷ್ಟು ಇಳಿಯಿತು ಅಂತ ಓದಿದರೆ, ಹಿಂದಿನ ಪುಟಗಳಲ್ಲಿ ಆ ಹಳೆಯ ವರ್ಷದ ಅಂಕಿ ಎಷ್ಟು, ನಡುವೆ ಏನೇನು ಮಾರಿದ್ದಾರೆ, ಅಳತೆ ಮಾಡಿದವರಿಗೆ ಸಂಬಳ ಕೊಟ್ಟವರು ಯಾರು ಅಂತ ಹುಡುಕಿ.